ಎಲ್ಕ್ ಬೇಟೆಗೆ ಕೈಯಾರೆ ತುಂಬಿದ ತೋಟಾ ಆರಿಸೋದು ಹೆಂಗೆ

ನಮ್ಮ ಅಕ್ಕನ ಮಗ ಚಿತ್ರದುರ್ಗದೋನು, ಈಗ ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಡೆನ್ವರ್ ಹತ್ರ ಕೆಲಸದಾಗ ಅದಾನೆ. ಹೋದ ವಾರ ಫೋನ್ ಮಾಡಿ "ಮಾವ, ನಂಗೆ ಈ ಸಲ ಎಲ್ಕ್ ಟ್ಯಾಗ್ ಸಿಕ್ಕೈತೆ, ಇಲ್ಲೊಬ್ರು ತಾವೇ ಲೋಡ್ ಮಾಡಿದ ಗುಂಡು ಎರಡು ಡಬ್ಬಿ ಕೊಡ್ತೀನಿ ಅಂತಿದಾರೆ, ಇಸ್ಕೊಳ್ಲಾ?" ಅಂದ (ಎಲ್ಕ್ ಅಂದ್ರೆ ಅಲ್ಲಿನ ದೊಡ್ಡ ಜಿಂಕೆ, ಟ್ಯಾಗ್ ಅಂದ್ರೆ ಅದನ್ನ ಬೇಟೆಯಾಡೋ ಪರವಾನಗಿ). ಬೇಡ ಅಂದೆ. ಯಾಕೆ ಬೇಡ, ಹಂಗಾದ್ರೆ ಯಾವುದು ಬೇಕು ಅಂತ ಬಿಡಿಸಿ ಹೇಳೋಷ್ಟರಲ್ಲಿ ಒಂದೂವರೆ ತಾಸು ಆಯ್ತು, ಅವನು ಎಲ್ಲಾ ಬರೆದು ಕಳಿಸು ಮಾವ ಅಂದ, ಇವನ ಥರಾನೇ ಅಲ್ಲಿಗೆ ಹೋದ ನಮ್ಮ ಕಡೆ ಹುಡುಗ್ರು ಇನ್ನೂ ಇದಾರೆ, ಅದಕ್ಕೆ ಎಲ್ರಿಗೂ ಆಗ್ಲಿ ಅಂತ ದಾವಣಗೆರೆ ಮನೇಲಿ ಕೂತ್ಕೊಂಡು ಬರೀತಿದೀನಿ. ನಾನು ಕೊಲರಾಡೋದಲ್ಲಿ 14 ವರ್ಷ ಇದ್ದೆ, ಅದ್ರಲ್ಲಿ 11 ಸೀಸನ್ ಎಲ್ಕ್ ಹಿಂದೆ ಬೆಟ್ಟ ಹತ್ತಿದೀನಿ.

ಮೊದಲೇ ಒಂದು ಮಾತು. ಇದು ಪೂರ್ತಿ ಅಮೆರಿಕದ ವಿಷಯ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಅನ್ನೋದು ಅಪರಾಧ, ಜಗಳೂರು ಕಡೆ ರಂಗಯ್ಯನದುರ್ಗದ ಕಾಡಲ್ಲಿ ಕೊಂಡುಕುರಿ ಉಳಿದಿರೋದೇ ಆ ಕಾಯ್ದೆಯಿಂದ, ಜೋಗಿಮಟ್ಟಿ ಕಾಡಿಗೂ ಅದೇ ರಕ್ಷಣೆ. ಲೈಸೆನ್ಸ್ ಇಲ್ದೆ ತೋಟಾ ತುಂಬೋದೂ ಇಲ್ಲಿ ಅಪರಾಧಾನೇ, 1959ರ ಆರ್ಮ್ಸ್ ಆಕ್ಟ್ ಹಂಗಂತೈತೆ. ಇದನ್ನ ಓದಿ ಇಲ್ಲಿ ಯಾರೂ ಪ್ರಯೋಗ ಮಾಡೋಕೆ ಹೋಗಬೇಡ್ರಿ.

ಅಲ್ಲಿಗೆ ಹೋದವರಿಗೂ ಗುಂಡು ಮುಟ್ಟೋಕೆ ಮುಂಚೆ ಕಾಗದ ಸರಿ ಇರಬೇಕು. ಹೆಚ್-1ಬಿ, ಎಫ್-1 ಥರ ವೀಸಾದಲ್ಲಿ ಇರೋರು ಅಲ್ಲಿನ ಫೆಡರಲ್ ಕಾನೂನು ಪ್ರಕಾರ ಬಂದೂಕಾಗ್ಲಿ ಗುಂಡಾಗ್ಲಿ ಇಟ್ಕೊಳ್ಳೋ ಹಂಗಿಲ್ಲ. ಅದಕ್ಕೆ ಕೆಲವು ವಿನಾಯಿತಿ ಐತೆ, ಅದ್ರಲ್ಲಿ ಒಂದು ಅಲ್ಲಿನ ಯಾವುದಾದ್ರೂ ರಾಜ್ಯ ಕೊಟ್ಟಿರೋ ಚಾಲ್ತಿ ಹಂಟಿಂಗ್ ಲೈಸೆನ್ಸ್ ಕೈಯಲ್ಲಿ ಇರೋದು. ಬಹಳ ಜನಕ್ಕೆ ಗೊತ್ತಿಲ್ದೇ ಇರೋದು ಏನಪ್ಪಾ ಅಂದ್ರೆ ಆ ಕಾನೂನಲ್ಲಿ ಆಮ್ಯುನಿಷನ್ ಅನ್ನೋ ಮಾತಿಗೆ ತುಂಬಿದ ತೋಟಾ ಒಂದೇ ಅಲ್ಲ, ಖಾಲಿ ಕೇಸು (ಹಿತ್ತಾಳೆ ಚಿಪ್ಪು), ಪ್ರೈಮರ್ (ಬುಡದಲ್ಲಿ ಕಿಡಿ ಕೊಡೋ ಬಿಲ್ಲೆ), ಬುಲೆಟ್ (ಮುಂದೆ ಹಾರಿಹೋಗೋ ತುದಿ), ಪೌಡರ್ (ಮದ್ದು) ಎಲ್ಲಾ ಬಿಡಿಬಿಡಿಯಾಗಿಯೂ ಸೇರ್ತಾವೆ. ಹಂಗಾಗಿ ಲೈಸೆನ್ಸ್ ಬರಲಿ ಅಷ್ಟರಲ್ಲಿ ಸಾಮಾನು ತಂದಿಟ್ಕೊಂಡಿರೋಣ ಅಂತ ಅಂಗಡಿಗೆ ಹೋಗಬೇಡ್ರಿ. 1949 ಜನವರಿ 1 ಅಥವಾ ಅದರ ಆಮೇಲೆ ಹುಟ್ಟಿದವರಿಗೆ ಕೊಲರಾಡೋದಲ್ಲಿ ಹಂಟರ್ ಎಜುಕೇಷನ್ ಕೋರ್ಸ್ ಕಡ್ಡಾಯ, ಮೊದಲು ಅದನ್ನ ಮುಗಿಸ್ರಿ.

ಇನ್ನು ಪ್ರಾಣಿ. ನಮ್ಮ ಕಡವೆ ನೋಡಿದೀರಲ್ಲ, ಎಲ್ಕ್ ಅಂದ್ರೆ ಅದರ ದೊಡ್ಡಣ್ಣ ಅಂತ ತಿಳ್ಕೊಳ್ರಿ. ರಾಕಿ ಬೆಟ್ಟದ ಗಂಡು ಸುಮಾರು 320 ಕೆಜಿ ತೂಗ್ತೈತೆ, ಹೆಣ್ಣು 225ರ ಆಸುಪಾಸು. ತೂಕಕ್ಕಿಂತ ಮುಖ್ಯ ಅದರ ಗಟ್ಟಿತನ. ಭುಜದ ಮೂಳೆ ದಪ್ಪ, ಮೇಲೆ ದಪ್ಪ ಚರ್ಮ, ಅದರ ಮೇಲೆ ಚಳಿಗಾಲದ ಕೂದಲು. ಗುಂಡು ಸರಿಯಾದ ಜಾಗಕ್ಕೆ ಬಿದ್ರೂ ಕೆಲವು ಸಲ ಏನೂ ಆಗದಂಗೆ ನಿಂತಿರ್ತೈತೆ, ಆಮೇಲೆ ನಾಲ್ಕು ಹೆಜ್ಜೆ ಇಟ್ಟು ಕುಸೀತೈತೆ. ಎದೆ ಹೊಕ್ಕು ಎರಡೂ ಶ್ವಾಸಕೋಶ ಹರೀದೆ ಇದ್ರೆ ಗಾಯ ಹೊತ್ಕೊಂಡು ಮೈಲಿಗಟ್ಟಲೆ ಹೋಗ್ತೈತೆ, ಕತ್ತಲೆಗಟ್ಟಿದ ಪೈನ್ ಕಾಡಿನ ಒಳಗೆ, ಇಳಿಜಾರಿನ ಕೆಳಗೆ, ನಾವು ಹೋಗೋಕೆ ಆಗದಿರೋ ಕಡೆ. ಅದಕ್ಕೇ ನಾನು ತೋಟಾ ಆರಿಸೋವಾಗ ಅದು ನಳಿಕೆ ಬಿಡೋವಾಗ ಎಷ್ಟು ಜೋರು ಅಂತ ನೋಡಲ್ಲ, ಪ್ರಾಣಿ ಹತ್ರ ಮುಟ್ಟಿದಮೇಲೆ ಏನು ಮಾಡ್ತೈತೆ ಅಂತ ನೋಡ್ತೀನಿ. ಉಳಿದಿದ್ದೆಲ್ಲಾ ಈ ಒಂದರ ಹಿಂದೆ ಬರ್ತೈತೆ.

ಇದು ನಾನು ಪುಸ್ತಕದಿಂದ ಕಲಿತಿದ್ದಲ್ಲ. ನನ್ನ ಮೂರನೇ ಸೀಸನ್‌ನಲ್ಲಿ .270 ವಿಂಚೆಸ್ಟರ್ ರೈಫಲ್ ಇತ್ತು (.270, .30-06 ಇವೆಲ್ಲಾ ತೋಟಾದ ಅಳತೆಯ ಹೆಸರು), ಅದಕ್ಕೆ 130 ಗ್ರೇನ್ ತೂಕದ ಮೆತ್ತನೆ ಬುಲೆಟ್ ಹಾಕಿ ಸೆಕೆಂಡಿಗೆ 3050 ಅಡಿ ಹೋಗೋ ಹಂಗೆ ಲೋಡ್ ಮಾಡಿದ್ದೆ, ಪೇಪರ್ ಮೇಲೆ ಮೂರು ಗುಂಡು ಒಂದೇ ತೂತಲ್ಲಿ ಹೋಗ್ತಿದ್ವು, ಭಾಳ ಖುಷಿ ನಂಗೆ. ಒಂದು ಹೆಣ್ಣು ಎಲ್ಕ್ 60 ಗಜದಲ್ಲಿ ಮರದ ಹಿಂದಿಂದ ಬಂತು, ನಾನು ಭುಜಕ್ಕೆ ಇಟ್ಟೆ, ಬಡಿದಿದ್ದು ಕಿವಿಗೆ ಕೇಳಿಸ್ತು, ಅದು ಮುಗ್ಗರಿಸಿ ಎದ್ದು ಹೋಯ್ತು. ರಕ್ತ ಸ್ವಲ್ಪ ದೂರ ಇತ್ತು, ಆಮೇಲೆ ಹಿಮ ಬೀಳೋಕೆ ಶುರುವಾಗಿ ಹೆಜ್ಜೆ ಗುರುತೂ ಮುಚ್ಚಿಹೋಯ್ತು. ಎರಡು ದಿನ ಹುಡುಕಿದ್ವಿ. ಮೂರನೇ ದಿನ ಕಾಗೆ ಗುಂಪು ಸುತ್ತೋದು ನೋಡ್ಕೊಂಡು ಹೋದಾಗ ಸಿಕ್ತು, ಮಾಂಸ ಕೆಟ್ಟುಹೋಗಿತ್ತು. ಬಿಚ್ಚಿ ನೋಡಿದ್ರೆ ಬುಲೆಟ್ ಭುಜದ ಮೂಳೆ ಮೇಲೇ ಪುಡಿಪುಡಿಯಾಗಿ ತಾಮ್ರದ ಚೂರು, ಸೀಸದ ಚೂರು ಮಾಂಸದಲ್ಲೇ ಹರಡಿತ್ತು, ಎದೆ ಒಳಕ್ಕೆ ಹೋಗಿದ್ದು ಎರಡು ಸಣ್ಣ ಚೂರು ಅಷ್ಟೇ. ಅದು ಎಷ್ಟು ಹೊತ್ತು ನರಳಿರಬೇಕು ಅಂತ ಇವತ್ತಿಗೂ ನೆನಪಾಗ್ತೈತೆ. ಗುರಿ ತಪ್ಪಿರಲಿಲ್ಲ, ನಾನು ಆರಿಸಿದ ಬುಲೆಟ್ ತಪ್ಪಿತ್ತು.

ಇನ್ನು ಅಳಿಯನ ಪ್ರಶ್ನೆಗೆ ಬರೋಣ, ಬೇರೆಯೋರು ತುಂಬಿದ್ದು ಯಾಕೆ ಬೇಡ. ಪ್ರತಿ ರೈಫಲ್ಲಿನ ಚೇಂಬರ್, ಅಂದ್ರೆ ತೋಟಾ ಕೂರೋ ಗೂಡು, ಕೂದಲೆಳೆಯಷ್ಟು ಬೇರೆ ಬೇರೆ ಇರ್ತೈತೆ. ಒಬ್ರು ತಮ್ಮ ರೈಫಲ್ಲಿಗೆ ಸರಿಯಾಗಿ ಪೌಡರ್ ಏರಿಸಿಕೊಂಡು ಮಿತಿಯ ಹತ್ರ ಹೋಗಿರ್ತಾರೆ, ಅದು ನಿಮ್ಮದರಲ್ಲಿ ಮಿತಿ ದಾಟಬಹುದು. .30-06ಕ್ಕೆ ಅಲ್ಲಿನ ಕೈಗಾರಿಕಾ ಮಾನದಂಡ ಹೇಳೋ ಗರಿಷ್ಠ ಒತ್ತಡ ಚದರ ಇಂಚಿಗೆ 60,000 ಪೌಂಡು, .270ಕ್ಕೆ 65,000. ಲಾರಿ ಟೈರಲ್ಲಿ ಇರೋದು 100ರ ಆಸುಪಾಸು, ಹೋಲಿಸಿ ನೋಡ್ರಿ, ಅದೂ ನಿಮ್ಮ ಕೆನ್ನೆ ಪಕ್ಕದಲ್ಲಿ. ನಂಗೆ ಎರಡನೇ ಸೀಸನ್‌ನಲ್ಲೇ ಒಬ್ಬ ಗೆಳೆಯ ಪ್ರೀತಿಯಿಂದ 20 ತೋಟಾ ಕೊಟ್ಟಿದ್ದ, ಅವನ ರೈಫಲ್ಲಿಗೆ ಅಂತ ಬುಲೆಟ್ ಸ್ವಲ್ಪ ಮುಂದಕ್ಕೆ ಕೂರಿಸಿದ್ದ, ನನ್ನದರಲ್ಲಿ ಬೋಲ್ಟ್ (ಚೇಂಬರ್ ಮುಚ್ಚೋ ಅಗುಳಿ) ಒತ್ತಿ ಮುಚ್ಚಿದೆ, ಬುಲೆಟ್ಟಿನ ಮೂತಿ ನಳಿಕೆ ಒಳಗಿನ, ಬುಲೆಟ್ ತಿರುಗಿಸೋ ಸುತ್ತು ಗೀರುಗಳಿಗೆ ಕಚ್ಕೊಂಡಿತು. ಗುಂಡು ಹಾರಿಸಲಿಲ್ಲ, ಪ್ರಾಣಿ ಸರಿದುಹೋಯ್ತು ಅಂತ ತೋಟಾ ತೆಗೆಯೋಕೆ ಬೋಲ್ಟ್ ಎಳೆದ್ರೆ ಕೇಸು ಮಾತ್ರ ಬಂತು, ಬುಲೆಟ್ ಒಳಗೇ ಉಳೀತು, ಪೌಡರ್ ಎಲ್ಲಾ ಮ್ಯಾಗಜಿನ್ (ತೋಟಾ ಜೋಡಿಸಿಡೋ ಗೂಡು) ಒಳಗೆ ಸುರೀತು. ಕ್ಯಾಂಪಲ್ಲಿ ಕ್ಲೀನಿಂಗ್ ರಾಡ್ ಇರಲಿಲ್ಲ, ಆ ದಿನ ಹಂಗೇ ಹೋಯ್ತು. ಕೊಟ್ಟವನ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅವನ ರೈಫಲ್ಲಲ್ಲಿ ಅದು ಚೆನ್ನಾಗೇ ಓಡ್ತಿತ್ತು. ಇನ್ನು ಕೈಯಾರೆ ತುಂಬಿದ್ದನ್ನ ಮಾರೋ ಕಸುಬು ಮಾಡೋಕೆ ಅಲ್ಲಿ ಫೆಡರಲ್ ಲೈಸೆನ್ಸೇ ಬೇಕು, ಅದಿಲ್ದೆ ಗನ್ ಶೋನಲ್ಲಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಮಾರೋರ ಹತ್ರ ಹೋಗಲೇಬೇಡ್ರಿ.

ಹಂಗಾದ್ರೆ ಹೊಸಬ್ರು ಏನು ಮಾಡಬೇಕು? ಎರಡೇ ದಾರಿ. ಒಂದು, ಈ ವರ್ಷ ಫ್ಯಾಕ್ಟರಿ ತೋಟಾದಲ್ಲೇ ಹೋಗ್ರಿ, ಅದ್ರಲ್ಲಿ ಯಾವ ನಾಚಿಕೆನೂ ಇಲ್ಲ, ಕೆಳಗೆ ಹೇಳೋ ಒಳ್ಳೇ ಬುಲೆಟ್‌ಗಳೆಲ್ಲಾ ಫ್ಯಾಕ್ಟರಿ ಡಬ್ಬೀಲೂ ಬರ್ತಾವೆ. ಇನ್ನೊಂದು, ಲೋಡ್ ಮಾಡೋಕೆ ಬರೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಿಮ್ಮ ರೈಫಲ್ಲಿಗೆ ಅಂತ, ನಿಮ್ಮ ಕೈಯಿಂದ, ಒಂದೊಂದಾಗಿ ತುಂಬ್ರಿ. ನಾನು ಅಳಿಯನಿಗೆ ಹೇಳಿದ್ದೂ ಇದನ್ನೇ, ಆ ಮನುಷ್ಯನ ಗುಂಡು ಬೇಡ, ಅವರ ಎರಡು ಭಾನುವಾರ ಕೇಳು ಅಂತ.

ಈಗ ಬುಲೆಟ್. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದ್ರಿ, ಯಾಕಂದ್ರೆ ಕೇಸು ಪ್ರೈಮರ್ ಪೌಡರ್ ಎಲ್ಲಾ ಇದನ್ನ ಹೊತ್ತು ತಲುಪಿಸೋ ಗಾಡಿ ಅಷ್ಟೇ.

ತೂಕಾನ ಗ್ರೇನಲ್ಲಿ ಹೇಳ್ತಾರೆ, ಮೊದಮೊದಲು ತಲೆಗೆ ಹೋಗಲ್ಲ. ನಮ್ಮ ಮಂಡಿಪೇಟೆ ಬಂಗಾರದ ಅಂಗಡಿ ನೆನಪು ಮಾಡ್ಕೊಳ್ರಿ. 1833ರಲ್ಲಿ ಬ್ರಿಟಿಷರು ತೊಲ ಅಂದ್ರೆ 180 ಗ್ರೇನ್ ಅಂತ ಗೊತ್ತು ಮಾಡಿದ್ರು, ಅಂದ್ರೆ 11.66 ಗ್ರಾಂ (ಈಗ ಅಂಗಡಿಯೋರು 10 ಗ್ರಾಂನ್ನೇ ತೊಲ ಅಂತಾರೆ, ಅದು ಬೇರೆ ಮಾತು). ಎಲ್ಕ್ ಬೇಟೆಗೆ .30-06ರಲ್ಲಿ ಜನ ಹೆಚ್ಚಾಗಿ ಬಳಸೋದು ಯಾವ ಬುಲೆಟ್ ಗೊತ್ತಾ? 180 ಗ್ರೇನಿಂದು. ಸರಿಯಾಗಿ ಒಂದು ಹಳೇ ತೊಲ. ಅಜ್ಜಿ ಕಾಲದ ಒಂದು ತೊಲದ ಸರ ಅಂಗೈಲಿ ಇಟ್ಕೊಂಡಿದ್ರೆ ಆ ಭಾರ ನಿಮಗೆ ಗೊತ್ತಿರ್ತೈತೆ. ಕೊಲರಾಡೋ ಕಾನೂನು ಎಲ್ಕ್‌ಗೆ ಕೇಳೋದು ಕನಿಷ್ಠ 85 ಗ್ರೇನ್, ಅಂದ್ರೆ ಅರ್ಧ ತೊಲಕ್ಕೂ ಕಮ್ಮಿ, ಜೊತೆಗೆ ಕ್ಯಾಲಿಬರ್ .24ಕ್ಕೆ ಕಮ್ಮಿ ಇರಬಾರದು, ಬುಲೆಟ್ ಅರಳೋ ಥರದ್ದೇ ಆಗಿರಬೇಕು, 100 ಗಜದಲ್ಲಿ 1000 ಫುಟ್-ಪೌಂಡ್ ಶಕ್ತಿ ಉಳಿದಿರಬೇಕು. ಅದು ಕಾನೂನಿನ ಬಾಗಿಲು, ದಾಟಿದ್ರೆ ದಂಡ ಬೀಳಲ್ಲ ಅಷ್ಟೇ. ನನ್ನ ಲೆಕ್ಕದಲ್ಲಿ .270ಕ್ಕೆ 140ರಿಂದ 150, 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್‌ಗೆ 160, .308 ಮತ್ತು .30-06ಕ್ಕೆ 165ರಿಂದ 180, .300 ವಿಂಚೆಸ್ಟರ್ ಮ್ಯಾಗ್ನಮ್‌ಗೆ 180ರಿಂದ 200. ಬರೀ ತಾಮ್ರದ ಬುಲೆಟ್ ಆದ್ರೆ ಇದಕ್ಕಿಂತ ಒಂದು ಮೆಟ್ಟಿಲು ಹಗುರ ನಡೀತೈತೆ.

ತೂಕಕ್ಕಿಂತ ಕಟ್ಟೋಣ ಮುಖ್ಯ. ಸಾಮಾನ್ಯ ಬುಲೆಟ್ ಅಂದ್ರೆ ತಾಮ್ರದ ಅಂಗಿ, ಒಳಗೆ ಸೀಸ. ಮುಟ್ಟಿದ ಕೂಡ್ಲೆ ಸೀಸ ಅರಳ್ತೈತೆ, ಹೊರಗಿನ ಅಂಗಿ ಬಿಚ್ಕೊಂಡು ಒಳಗಿಂದು ಬೇರೆಯಾದ್ರೆ ಆಳಕ್ಕೆ ಹೋಗೋ ತಾಕತ್ತು ಅಲ್ಲಿಗೆ ಮುಗೀತು. ಜಿಂಕೆಗೆ ಇದು ಸಾಕು, ದೂರದಿಂದ ಬಂದು ನಿಧಾನವಾಗಿದ್ರೆ ಎಲ್ಕ್‌ಗೂ ಕೆಲಸ ಮಾಡ್ತೈತೆ, ಹತ್ರದಲ್ಲಿ ಮೂಳೆ ಮೇಲೆ ಜೋರಾಗಿ ಬಿದ್ರೆ ನನ್ನ ಕಥೆ ಆಗ್ತೈತೆ. ಇದೇ ಕಷ್ಟ 1946ರಲ್ಲಿ ಜಾನ್ ನೋಸ್ಲರ್ ಅನ್ನೋರಿಗೂ ಬಂದಿತ್ತು, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ಅಲ್ಲಿನ ಇನ್ನೊಂದು ದೊಡ್ಡ ಜಿಂಕೆ ಜಾತಿ) ಬೇಟೆಗೆ ಹೋದಾಗ ಬುಲೆಟ್ ಒಳಗೆ ಹೋಗಲೇ ಇಲ್ಲ. ಅವರು ವಾಪಸ್ ಬಂದು ಬುಲೆಟ್ಟಿನ ನಡುವೆ ತಾಮ್ರದ್ದೇ ಒಂದು ಗೋಡೆ ಇಟ್ರು, ಮುಂದಿನ ಅರ್ಧ ಅರಳಿ ಚೂರಾದ್ರೂ ಹಿಂದಿನ ಅರ್ಧ ಗೋಡೆ ಹಿಂದೆ ಹಂಗೇ ಉಳಿದು ಒಳಕ್ಕೆ ನುಗ್ಗೋ ಹಂಗೆ. ಅದೇ ಪಾರ್ಟಿಷನ್ ಬುಲೆಟ್, 1948ರಿಂದ ಮಾರಾಟಕ್ಕೆ ಐತೆ, ಆ ಹೆಣ್ಣು ಎಲ್ಕ್ ಆದಮೇಲೆ ನಾನು ಬಳಸಿದ್ದೂ ಅದನ್ನೇ.

ಅದರ ಜೊತೆಗೆ ಇನ್ನೆರಡು ಜಾತಿ. ಬಾಂಡೆಡ್ ಅಂತ ಬರ್ತಾವೆ, ಸೀಸಾನ ತಾಮ್ರಕ್ಕೆ ಬೆಸೆದಿರ್ತಾರೆ, ಬಿಟ್ಕೊಳ್ಳಲ್ಲ. ನೋಸ್ಲರ್ ಆಕ್ಯುಬಾಂಡ್, ಸ್ವಿಫ್ಟ್ ಸಿರೋಕೊ ಈ ಥರದ್ದು, ಸ್ವಿಫ್ಟ್ ಎ-ಫ್ರೇಮ್‌ನಲ್ಲಂತೂ ಬೆಸುಗೆನೂ ಐತೆ ಗೋಡೆನೂ ಐತೆ. ಇನ್ನೊಂದು ಸೀಸಾನೇ ಇಲ್ದೆ ಪೂರ್ತಿ ತಾಮ್ರದ್ದು, ಬಾರ್ನ್ಸ್ ಟಿಟಿಎಸ್‌ಎಕ್ಸ್, ಹಾರ್ನಡಿ ಸಿಎಕ್ಸ್ ಥರ. ಇದು ಹೂವಿನ ದಳದಂಗೆ ನಾಲ್ಕು ಕಡೆ ಅರಳಿ ತೂಕ ಹೆಚ್ಚುಕಮ್ಮಿ ಪೂರ್ತಿ ಉಳಿಸ್ಕೊಂಡು ಆ ಕಡೆ ಹೊರಗೆ ಹೋಗ್ತೈತೆ. ಮನೇಲಿ ಸಣ್ಣ ಮಕ್ಕಳು ಆ ಮಾಂಸ ತಿಂತಾರೆ ಅಂದ್ರೆ ನಾನು ತಾಮ್ರಾನೇ ಹೇಳೋದು, ಕಣ್ಣಿಗೆ ಕಾಣದ ಸೀಸದ ಚೂರು ಗಾಯದಿಂದ ದೂರದ ಮಾಂಸದಲ್ಲೂ ಇರ್ತಾವೆ. ಬೇಟೆಗಾರರು ಬಿಟ್ಟುಹೋದ ಕರುಳು ತಿಂದು ಹದ್ದು ರಣಹದ್ದು ಸೀಸದ ವಿಷ ಏರಿ ಸಾಯ್ತಾವೆ, ಅದಕ್ಕೇ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ಬಂದ್. ಆದ್ರೆ ತಾಮ್ರಕ್ಕೆ ಎರಡು ಷರತ್ತು. ಒಂದೇ ತೂಕಕ್ಕೆ ಸೀಸದ್ದಕ್ಕಿಂತ ಉದ್ದ ಇರ್ತೈತೆ, ಹಳೇ ರೈಫಲ್ಲಿನ ನಿಧಾನ ಸುತ್ತಿನ ಗೀರು ಅದನ್ನ ನೆಟ್ಟಗೆ ತಿರುಗಿಸದೇ ಹೋಗಬಹುದು. ಇನ್ನೊಂದು, ಅರಳೋಕೆ ಅದಕ್ಕೆ ವೇಗ ಜಾಸ್ತಿ ಬೇಕು, ದೂರದಲ್ಲಿ ನಿಧಾನವಾಗಿ ಮುಟ್ಟಿದ್ರೆ ಸೂಜಿ ಚುಚ್ಚಿದಂಗೆ ತೂತು ಮಾಡಿ ಹೋಗ್ತೈತೆ.

ಇಲ್ಲಿಂದ ವೇಗದ ಲೆಕ್ಕಕ್ಕೆ ಬರ್ರಿ. ಪ್ರತಿ ಬುಲೆಟ್ಟಿಗೂ ಇಷ್ಟು ವೇಗಕ್ಕಿಂತ ಕಮ್ಮಿ ಮುಟ್ಟಿದ್ರೆ ಅರಳಲ್ಲ ಅಂತ ಕಂಪನಿಯೋರೇ ಹೇಳಿರ್ತಾರೆ, ಪಾರ್ಟಿಷನ್ ಆಕ್ಯುಬಾಂಡ್‌ಗಳಿಗೆ ಅದು ಸೆಕೆಂಡಿಗೆ 1800 ಅಡಿ, ಪೂರ್ತಿ ತಾಮ್ರದ್ದಕ್ಕೆ ನಾನು 2000 ಇಟ್ಕೊತೀನಿ. ಶಕ್ತಿ ಲೆಕ್ಕ ಬೇಕಂದ್ರೆ ಬುಲೆಟ್ಟಿನ ಗ್ರೇನನ್ನ ವೇಗದ ವರ್ಗದಿಂದ ಗುಣಿಸಿ 4,50,240ರಿಂದ ಭಾಗಿಸ್ರಿ, ಫುಟ್-ಪೌಂಡ್ ಬರ್ತೈತೆ. 180 ಗ್ರೇನ್ 2700 ಅಡಿಯಲ್ಲಿ ಹೊರಟ್ರೆ ನಳಿಕೆ ಬಾಯಲ್ಲಿ 2914. ಅದೇ ಬುಲೆಟ್ 300 ಗಜದಲ್ಲಿ 2150ರ ಆಸುಪಾಸಿಗೆ ಇಳಿದಿರ್ತೈತೆ, ಆಗ 1850ರ ಹತ್ರ. ಎಲ್ಕ್‌ಗೆ 1500 ಇರಬೇಕು ಅನ್ನೋದು ಹಳೇ ಬೇಟೆಗಾರರ ರೂಢಿ ಲೆಕ್ಕ, ಅದು ವೇದವಾಕ್ಯ ಅಲ್ಲ ಆದ್ರೂ ಒಳ್ಳೇ ಬೇಲಿ. ಅಂದ್ರೆ ಹಳೇ .30-06, 1906ನೇ ಇಸವಿ ಕಾರ್ಟ್ರಿಜ್ಜು, ಯಾವ ಆತುರನೂ ಇಲ್ದೆ 300 ಗಜಕ್ಕೆ ಪೂರ್ತಿ ಸಾಲ್ತೈತೆ. ಹಂಗಾಗಿ ಪೌಡರ್ ಜಾಸ್ತಿ ಹಿಡಿಯೋ ಜೋರಿನ ಮ್ಯಾಗ್ನಮ್ ತೋಟಾನೇ ಬೇಕೇ ಬೇಕು ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ, ಹೊಸಬ್ರ ಭುಜಕ್ಕೆ ಅದರ ಒದೆತ ಜಾಸ್ತಿ, ಟ್ರಿಗರ್ ಒತ್ತೋವಾಗ ಕಣ್ಣು ಮುಚ್ಚೋದು ಅಭ್ಯಾಸ ಆಗಿಬಿಡ್ತೈತೆ, ಆಮೇಲೆ ಅದನ್ನ ಬಿಡಿಸೋಕೆ ವರ್ಷ ಬೇಕು. ಈಗ ಎಲ್ರೂ ಇಷ್ಟಪಡೋ 6.5 ಕ್ರೀಡ್‌ಮೋರ್‌ನಿಂದಲೂ ಎಲ್ಕ್ ಬೀಳ್ತಾವೆ, ಗಟ್ಟಿ ಬುಲೆಟ್ ಹಾಕಿ ದೂರ ಕಮ್ಮಿ ಇಟ್ಕೋಬೇಕು ಅಷ್ಟೇ.

ಪೌಡರ್ ಎಷ್ಟು ಗ್ರೇನ್ ಹಾಕಬೇಕು ಅಂತ ನಾನು ಬರೆಯಲ್ಲ, ಯಾರು ಬಾಯಲ್ಲಿ ಹೇಳಿದ್ರೂ ತಗೋಬೇಡ್ರಿ. ಆ ಬುಲೆಟ್ ಮಾಡಿದ ಕಂಪನಿ ಅಥವಾ ಆ ಪೌಡರ್ ಕಂಪನಿ ಅಚ್ಚು ಹಾಕಿಸಿರೋ ಮ್ಯಾನುವಲ್ ತಗೊಂಡು, ಅದೇ ತೂಕದ ಅದೇ ಬುಲೆಟ್ ಪುಟ ನೋಡಿ, ಕೆಳಗಿನ ಅಂಕಿಯಿಂದ ಶುರು ಮಾಡ್ರಿ, ಗರಿಷ್ಠಕ್ಕಿಂತ ಸುಮಾರು 10 ಪರ್ಸೆಂಟ್ ಕೆಳಗೆ ಇರ್ತೈತೆ ಅದು. ಸೀಸದ 180ಕ್ಕೆ ಬರೆದಿದ್ದನ್ನ ತಾಮ್ರದ 180ಕ್ಕೆ ಹಾಕಬಾರದು, ತೂಕ ಒಂದೇ ಆದ್ರೂ ಒತ್ತಡ ಬೇರೆ.

ಪೌಡರ್ ಆರಿಸೋವಾಗ ನಾನು ನೋಡೋದು ಚಳಿ ಬಿಸಿಲಿಗೆ ಎಷ್ಟು ಬದಲಾಗ್ತೈತೆ ಅನ್ನೋದು. ನೀವು ಜುಲೈನಲ್ಲಿ 35 ಡಿಗ್ರಿಲಿ ಟೆಸ್ಟ್ ಮಾಡ್ತೀರಿ, ಬೇಟೆ ನಡೆಯೋದು ಅಕ್ಟೋಬರ್ ನವೆಂಬರ್‌ನಲ್ಲಿ 10,000 ಅಡಿ ಮೇಲೆ, ಬೆಳಗಿನ ಜಾವ ಸೊನ್ನೆಗಿಂತ 10 ಡಿಗ್ರಿ ಕೆಳಗೂ ಹೋಗ್ತೈತೆ. ಕೆಲವು ಪೌಡರ್ ಚಳಿಗೆ ವೇಗ ಕಳ್ಕೊತಾವೆ, ಇನ್ನೂ ಕೆಟ್ಟದ್ದು ಅಂದ್ರೆ ಚಳಿಲಿ ಗರಿಷ್ಠಕ್ಕೆ ಏರಿಸಿದ ಲೋಡು ಮುಂದಿನ ಬೇಸಿಗೇಲಿ ಒತ್ತಡ ದಾಟ್ತೈತೆ. ಹಾಜ್‌ಡನ್ ಕಂಪನಿಯ ಎಕ್ಸ್‌ಟ್ರೀಮ್ ಸಾಲಿನ ಎಚ್4350, ಎಚ್4831 ಇಂಥವು ಈ ವಿಷಯದಲ್ಲಿ ನಂಬಿಕಸ್ತ, .30-06 .270ಕ್ಕೆಲ್ಲಾ ಒಗ್ಗೋ ನಿಧಾನ ಉರಿಯೋ ಜಾತಿ, ಕೇಸನ್ನ ಹೆಚ್ಚುಕಮ್ಮಿ ತುಂಬಿಸ್ತಾವೆ. ಹಂಗಾಗಿ ಗೊತ್ತಿಲ್ದೆ ಎರಡು ಸಲ ಸುರಿದ್ರೆ ಉಕ್ಕಿ ಚೆಲ್ಲಿ ಕಣ್ಣಿಗೆ ಬೀಳ್ತೈತೆ, ಅದೊಂದು ದೊಡ್ಡ ಕಾವಲು. ಆದ್ರೂ ಬುಲೆಟ್ ಕೂರಿಸೋ ಮುಂಚೆ ಎಲ್ಲಾ ಕೇಸುಗಳನ್ನ ಹಲಗೆ ಮೇಲೆ ಸಾಲಾಗಿ ನಿಲ್ಲಿಸಿ ಬ್ಯಾಟರಿ ಬಿಟ್ಟು ಒಳಗೆ ನೋಡ್ರಿ, ಎಲ್ಲದರಲ್ಲೂ ಒಂದೇ ಮಟ್ಟ ಕಾಣಬೇಕು.

ದುರ್ಗದ ಕೋಟೇಲಿ ಮದ್ದು ಬೀಸೋ ಕಲ್ಲು ನೋಡಿರ್ತೀರಿ, ತಗ್ಗಲ್ಲಿ ಇರೋ ಆ ದೊಡ್ಡ ಗುಂಡುಕಲ್ಲುಗಳು. ನಾನು ಸಣ್ಣವನಿದ್ದಾಗ ಅಪ್ಪ ಕರ್ಕೊಂಡು ಹೋಗಿ ಅದನ್ನ ತೋರಿಸಿದ್ರು, ಮದ್ದಿನ ಕೆಲಸ ಊರ ಕೆಲಸದಂಗೆ ಗದ್ದಲದಲ್ಲಿ ಮಾಡೋದಲ್ಲ ಅಂದಿದ್ರು. ಟೇಬಲ್ ಮೇಲೆ ಒಂದು ಸಲಕ್ಕೆ ಒಂದೇ ಪೌಡರ್ ಡಬ್ಬಿ ಇರಲಿ, ಮುಗಿದಮೇಲೆ ಉಳಿದಿದ್ದು ಅದೇ ಡಬ್ಬಿಗೆ ವಾಪಸ್. ಬೇರೆ ಡಬ್ಬಿಗೆ ಸುರಿದು ಕಲೆಸಿಬಿಟ್ರೆ ಆಮೇಲೆ ಗುರುತು ಹಿಡಿಯೋಕೆ ಯಾರಿಗೂ ಆಗಲ್ಲ. ಫೋನು ಇನ್ನೊಂದು ರೂಮಲ್ಲಿ, ಟಿವಿ ಬಂದ್, ಕಣ್ಣಿಗೆ ಕನ್ನಡಕ, ಮುಗಿದಮೇಲೆ ಕೈ ಸೋಪು ಹಾಕಿ ತೊಳೀಬೇಕು, ಪ್ರೈಮರಲ್ಲೂ ಸೀಸ ಇರ್ತೈತೆ.

ಕೇಸಿನ ಬಗ್ಗೆ ಚುಟುಕಾಗಿ. ಬೇಟೆಗೆ ಹೊಸದು ಅಥವಾ ನಿಮ್ಮದೇ ರೈಫಲ್ಲಲ್ಲಿ ಒಂದು ಸಲ ಹಾರಿಸಿದ್ದು, ಎಲ್ಲಾ ಒಂದೇ ಕಂಪನಿದು. ನಾಲ್ಕೈದು ಸಲ ತುಂಬಿದ್ದನ್ನ ರೇಂಜಿಗೆ (ಗುರಿ ಅಭ್ಯಾಸದ ಮೈದಾನಕ್ಕೆ) ಇಟ್ಕೊಳ್ರಿ. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ತುದಿ ಬಗ್ಗಿಸಿ ಕೇಸಿನ ಒಳಗೆ ಬುಡದ ಹತ್ರ ಎಳೆದು ನೋಡಿದ್ರೆ, ಗೀರು ಸಿಕ್ಕಿ ತಡೆದ್ರೆ ಅಲ್ಲಿ ಹಿತ್ತಾಳೆ ತೆಳ್ಳಗಾಗೈತೆ ಅಂತ, ಬಿಸಾಕ್ರಿ. ಉದ್ದ ಅಳೀರಿ, .30-06ರ ಕೇಸು 2.494 ಇಂಚಿಗಿಂತ ಬೆಳೀಬಾರದು, ಬುಲೆಟ್ ಸೇರಿ ತೋಟಾ ಪೂರ್ತಿ 3.340 ಇಂಚಿನ ಒಳಗೆ ಇದ್ರೆ ಮ್ಯಾಗಜಿನ್‌ಗೆ ಹಿಡೀತೈತೆ.

ರೇಂಜಲ್ಲಿ ಕೆಳಗಿನ ಅಂಕಿಯಿಂದ ಮೇಲಕ್ಕೆ ಹೋಗ್ತಾ ಪ್ರತಿ ಗುಂಡಾದಮೇಲೂ ಕೇಸು ಎತ್ತಿ ನೋಡ್ರಿ. ಬೋಲ್ಟ್ ಎತ್ತೋಕೆ ಬಿಗಿ ಆದ್ರೆ, ಪ್ರೈಮರ್ ಅಂಚು ಚಪ್ಪಟೆಯಾಗಿ ಹರಡಿದ್ರೆ, ಕೇಸಿನ ಬುಡದಲ್ಲಿ ಮಿರಮಿರ ಹೊಳೆಯೋ ಒತ್ತಿದ ಗುರುತು ಬಿದ್ರೆ ಅಲ್ಲಿಗೆ ನಿಲ್ಲಿಸ್ರಿ, ಮ್ಯಾನುವಲ್ ಇನ್ನೂ ಮೇಲಕ್ಕೆ ಹೋಗಬಹುದು ಅಂತಿದ್ರೂ ನಿಲ್ಲಿಸ್ರಿ, ಉಳಿದ ಆ ಮೇಲಿನ ಲೋಡುಗಳನ್ನ ಮನೆಗೆ ತಂದು ಬಿಚ್ಚಿಬಿಡ್ರಿ. ಗರಿಷ್ಠಕ್ಕಿಂತ ಒಂದು ಮೆಟ್ಟಿಲು ಕೆಳಗೇ ಗುಂಡು ಒಂದೇ ಕಡೆ ಚೆನ್ನಾಗಿ ಗುಂಪಾಗಿ ಬೀಳೋ ಲೋಡ್ ಸಿಕ್ರೆ ಅದನ್ನೇ ಹಿಡೀರಿ, ಆ ಕೊನೇ 50 ಅಡಿ ವೇಗ ಎಲ್ಕ್‌ಗೆ ಗೊತ್ತಾಗಲ್ಲ, ನಿಮ್ಮ ಬೋಲ್ಟಿಗೆ ಗೊತ್ತಾಗ್ತೈತೆ. ಕ್ರೋನೋಗ್ರಾಫಲ್ಲಿ ವೇಗ ಅಳೀಲೇಬೇಕು, ಮ್ಯಾನುವಲ್ ವೇಗ ಅವರ ನಳಿಕೇದು, ನಿಮ್ಮದು 100 ಅಡಿ ಕಮ್ಮಿ ಇರಬಹುದು, ಹಂಗಿದ್ರೆ ಮೇಲಿನ ಲೆಕ್ಕ ಎಲ್ಲಾ ಹೊಸದಾಗಿ ಹಾಕ್ರಿ.

100 ಗಜದಲ್ಲಿ ಮೂರು ಗುಂಡು ಒಂದೂವರೆ ಇಂಚಲ್ಲಿ ಬಿದ್ರೆ ಎಲ್ಕ್‌ಗೆ ಧಾರಾಳ. ಅರ್ಧ ಇಂಚಿನ ಗುಂಪು ಬೇಕು ಅಂತ ಹಟ ಹಿಡಿದು ಬುಲೆಟ್ಟಿನ ಗಟ್ಟಿತನ ಬಿಟ್ಕೊಡಬೇಡ್ರಿ, ನಾನು ಮಾಡಿದ್ದು ಅದೇ ತಪ್ಪು. ಅದರ ಬದಲು ಬೆಂಚಿಂದ ಎದ್ದು ಮಂಡಿ ಊರಿ, ಕೂತು, ಕೋಲಿಗೆ ಆನಿಸಿ ಹಾರಿಸಿ ನೋಡ್ರಿ, ಎದೆ ಭಾಗದ ಗುರಿ ಒಂದು ಅಡಿ ಅಗಲ ಅಂತ ಇಟ್ಕೊಂಡು ಹತ್ತರಲ್ಲಿ ಹತ್ತೂ ಅದರ ಒಳಗೆ ಬೀಳೋ ದೂರ ಎಷ್ಟೋ ಅದೇ ನಿಮ್ಮ ದೂರ. ಅಳಿಯನಿಗೆ ಮೊದಲ ವರ್ಷ 200 ಗಜ ಅಂತ ಹೇಳಿದೀನಿ. 200 ಗಜದಲ್ಲಿ ಗುಂಡು ಗುರಿಗೇ ಬೀಳೋ ಹಂಗೆ ಸೊನ್ನೆ ಮಾಡಿದ್ರೆ ಆ 180 ಗ್ರೇನ್ 300ರಲ್ಲಿ 8-9 ಇಂಚು ಇಳೀತೈತೆ, ಬೆಟ್ಟದ ಮೇಲೆ ಗಾಳಿ ತೆಳ್ಳಗಿರೋದ್ರಿಂದ ಸ್ವಲ್ಪ ಕಮ್ಮಿ ಇಳೀಬಹುದು. ತಣ್ಣಗಿರೋ ನಳಿಕೆಯ ಮೊದಲ ಗುಂಡು ಎಲ್ಲಿಗೆ ಹೋಗ್ತೈತೆ ಅಂತ ಬೇರೆ ಬೇರೆ ದಿನ ನೋಡಿ ಬರ್ಕೊಳ್ರಿ, ಬೇಟೇಲಿ ಹಾರಿಸೋದು ಅದನ್ನೇ.

ಆರಿಸಿದ್ದು ಖಾಯಂ ಆದಮೇಲೆ 40 ತುಂಬ್ರಿ, ಇಪ್ಪತ್ತು ಅಭ್ಯಾಸಕ್ಕೆ, ಇಪ್ಪತ್ತು ಬೆಟ್ಟಕ್ಕೆ. ಬೆಟ್ಟಕ್ಕೆ ಹೋಗೋ ಪ್ರತಿಯೊಂದನ್ನೂ ರೇಂಜಲ್ಲಿ ನಳಿಕೆ ಗುರಿ ದಿಬ್ಬದ ಕಡೆ ಇಟ್ಕೊಂಡು ಮ್ಯಾಗಜಿನ್‌ನಿಂದ ಚೇಂಬರಿಗೆ ಹಾಯಿಸಿ ತೆಗೀರಿ, ಕಚ್ಚೋದು ತಡಿಯೋದು ಅಲ್ಲೇ ಗೊತ್ತಾಗ್ಲಿ. ಡಬ್ಬಿ ಮೇಲೆ ರೈಫಲ್ ಯಾವುದು, ಬುಲೆಟ್, ಪೌಡರ್, ಎಷ್ಟು ಗ್ರೇನ್, ಪ್ರೈಮರ್, ಉದ್ದ, ತಾರೀಕು ಎಲ್ಲಾ ಬರೆದು ಅಂಟಿಸ್ರಿ, ಹೆಸರಿಲ್ದ ಡಬ್ಬಿ ಸಿಕ್ರೆ ನಿಮ್ಮದೇ ಆದ್ರೂ ಹಾರಿಸಬೇಡ್ರಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿ ಇಡಬೇಡ್ರಿ. ಕ್ಯಾಂಪಿಗೆ ಕ್ಲೀನಿಂಗ್ ರಾಡ್ ಒಯ್ಯೋದು ಮರೀಬೇಡ್ರಿ.

ಕೊನೇದಾಗಿ ಊರಿಗೆ ಬರೋ ವಿಷಯ. ಬೇಟೆಗೆ ಬಳಸಿದ ಬ್ಯಾಗು, ಜಾಕೆಟ್ಟು, ಪ್ಯಾಂಟು ಯಾವುದನ್ನೂ ಇಂಡಿಯಾಗೆ ಬರೋ ಪ್ರಯಾಣಕ್ಕೆ ತೆಗೀಬೇಡ್ರಿ. ಬ್ಯಾಗಿನ ಹೊಲಿಗೆ ಸಂದಿಲಿ ಮರೆತು ಉಳಿದ ಒಂದೇ ಒಂದು ತೋಟಾ ಏರ್‌ಪೋರ್ಟ್ ಸ್ಕ್ಯಾನರಲ್ಲಿ ಕಂಡ್ರೆ ಆರ್ಮ್ಸ್ ಆಕ್ಟ್ ಕೇಸು, ಗೊತ್ತಿಲ್ದೆ ಬಂತು ಅಂತ ಕೋರ್ಟಲ್ಲಿ ಸಾಬೀತು ಮಾಡೋವರೆಗೂ ಅಲೆದಾಟ. ಖಾಲಿ ಕೇಸನ್ನ ಕೀ ಚೈನಿಗೆ ಅಂತ ತರೋದೂ ಬೇಡ. ನಾನು ಬೇಟೆ ಸಾಮಾನಿಗೆ ಕಿತ್ತಳೆ ಬಣ್ಣದ ಬ್ಯಾಗೊಂದನ್ನೇ ಇಟ್ಟಿದ್ದೆ, ಅದು ಗ್ಯಾರೇಜ್ ಬಿಟ್ಟು ಮನೆ ಒಳಗೆ ಬರ್ತಿರಲಿಲ್ಲ, ಅಳಿಯನಿಗೂ ಒಂದು ತಗೋ ಅಂದಿದೀನಿ.